ಅನುಮತಿ ಕೇಳದೆ ಯಾರಾದರೂ ಬರಬಹುದಾದ ಗೇಮ್ ಸರ್ವರ್: ಬಾಗಿಲು ತೆರೆದೇ ಇಡಬಹುದೇ?

ಪ್ರಶ್ನೆ
ಇಟಗಿದಾರಿ, ಕುಕನೂರು

ನಮಸ್ಕಾರ. ಕುಕನೂರಿನಲ್ಲಿ ನಾನು ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಗಣಿತದ ಮನೆಪಾಠ ಹೇಳುತ್ತೇನೆ. ಪಾಠ ಮುಗಿದ ಮೇಲೆ ಮಕ್ಕಳು ಸ್ವಲ್ಪ ಹೊತ್ತು ಕೂಡಿ ಆಡಲಿ ಎಂದು ಲುವಾಂಟಿ ಸರ್ವರ್ ಒಂದನ್ನು ಹಾಕಿದ್ದೇನೆ. ಮೊದಲು ಮೈನ್‌ಟೆಸ್ಟ್ ಎಂದು ಕರೆಯುತ್ತಿದ್ದ, 2024ರ ಅಕ್ಟೋಬರಿನಲ್ಲಿ ಹೆಸರು ಬದಲಾದ, ಚೌಕ ಬ್ಲಾಕುಗಳನ್ನು ಜೋಡಿಸಿ ಕಟ್ಟುತ್ತ ಆಡುವ ಮುಕ್ತ ತಂತ್ರಾಂಶ ಇದು. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಮೊಬೈಲಿನಲ್ಲೂ ನಡೆಯುತ್ತದೆ, ಹೀಗಾಗಿ ನಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ. ಆರಂಭದಲ್ಲಿ ಸರ್ವರ್ ನನ್ನ ಮನೆಯ ಡೆಸ್ಕ್‌ಟಾಪಿನಲ್ಲೇ ಇತ್ತು. ಕರೆಂಟು ಹೋದಾಗಲೆಲ್ಲ ಮಕ್ಕಳ ಆಟ ನಿಲ್ಲುತ್ತಿದ್ದುದರಿಂದ ಈಗ ಮುಂಬೈಯಲ್ಲಿರುವ ಒಂದು ಸಣ್ಣ ಬಾಡಿಗೆ ಯಂತ್ರಕ್ಕೆ ಸಾಗಿಸಿದ್ದೇನೆ.

ಮಕ್ಕಳು ಅದರಲ್ಲಿ ಕಟ್ಟುತ್ತಿರುವುದು ಇಟಗಿಯ ಮಹಾದೇವ ದೇವಾಲಯವನ್ನು. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿರುವ ಆ ಗುಡಿ ನಮ್ಮೂರಿನಿಂದ ಸೈಕಲ್ ತುಳಿದು ಹೋಗಿ ಬರುವಷ್ಟು ಹತ್ತಿರದಲ್ಲಿದೆ. ಮಕ್ಕಳು ಮೂರು ಭಾನುವಾರ ಹೋಗಿ ಟೇಪು ಹಿಡಿದು ಅಳೆದು, ಕಂಬಗಳನ್ನು ಎಣಿಸಿ, ಚೌಕುಳಿ ಹಾಳೆಯಲ್ಲಿ ನಕ್ಷೆ ಬರೆದುಕೊಂಡು ಬಂದರು. ಒಂದು ಮೀಟರಿಗೆ ಎರಡು ಬ್ಲಾಕ್ ಎಂಬ ಲೆಕ್ಕವನ್ನೂ ತಾವೇ ಇಟ್ಟುಕೊಂಡರು. ಅಲ್ಲಿನ ಕಂಬಗಳು ತಿರುಗಣೆಯಲ್ಲಿ ಕಡೆದಂತೆ ದುಂಡಗಿವೆ, ಆಟದ ಬ್ಲಾಕುಗಳೋ ಚೌಕ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮೆಟ್ಟಿಲಿನ ಆಕಾರದ ಬ್ಲಾಕುಗಳನ್ನು ನಾಲ್ಕೂ ದಿಕ್ಕಿಗೆ ಬೆನ್ನು ಮಾಡಿ ಒಂದರ ಮೇಲೊಂದು ಜೋಡಿಸಿ, ದೂರದಿಂದ ನೋಡಿದರೆ ಕಂಬ ನಿಜಕ್ಕೂ ದುಂಡಗೆ ಕಾಣುವ ಹಾಗೆ ಮಾಡಿದಳು. ಇಡೀ ಮಂಟಪ ಬಹುಮಟ್ಟಿಗೆ ಅವಳ ಕೈಕೆಲಸ.

ಸರ್ವರನ್ನು ನಾನು ಮೊದಲ ದಿನದಿಂದಲೂ ತೆರೆದೇ ಇಟ್ಟಿದ್ದೇನೆ. ವೈಟ್‌ಲಿಸ್ಟ್, ಅಂದರೆ ಒಳಗೆ ಬರಬಹುದಾದವರ ಪಟ್ಟಿ, ಇಲ್ಲ, ಅರ್ಜಿಯೂ ಇಲ್ಲ. ವಿಳಾಸ ಗೊತ್ತಿದ್ದವರು ಒಂದು ಹೆಸರು ಆರಿಸಿಕೊಂಡು ಒಳಗೆ ಬರಬಹುದು. ಸಾರ್ವಜನಿಕ ಪಟ್ಟಿಯಲ್ಲೂ ಸರ್ವರಿನ ಹೆಸರು ಕಾಣಿಸುತ್ತದೆ. ಸಿಂಧನೂರಿನ ಸೋದರಮಾವನ ಮಕ್ಕಳು, ಬೆಂಗಳೂರಿಗೆ ದುಡಿಯಲು ಹೋದ ಮನೆಗಳ ಮಕ್ಕಳು, ಹೀಗೆ ಯಾರು ಯಾರೋ ಬಂದು ಸೇರಿಕೊಂಡರು. ಒಂದು ರಾತ್ರಿ ನಮಗೆ ಯಾರಿಗೂ ಪರಿಚಯವಿಲ್ಲದ ಒಬ್ಬರು ಬಂದು, ಗುಡಿಯ ಪಕ್ಕದ ಪುಷ್ಕರಣಿಯನ್ನು ನಾವು ಬರಿಯ ಗುಂಡಿಯಾಗಿ ಬಿಟ್ಟಿದ್ದನ್ನು ನೋಡಿ, ಸುತ್ತಲೂ ಮೆಟ್ಟಿಲು ಇಳಿಸಿ ಹೋಗಿದ್ದರು. ಬೆಳಿಗ್ಗೆ ನೋಡಿದ ಮಕ್ಕಳಿಗೆ ಆದ ಸಂತೋಷವನ್ನು ನಾನು ಮರೆಯಲಾರೆ.

ಕಳೆದ ಭಾನುವಾರ ಮಧ್ಯಾಹ್ನ ಅದೇ ಬಾಗಿಲಿನಿಂದ ಇನ್ನೊಬ್ಬರು ಬಂದರು. ಇಪ್ಪತ್ತು ನಿಮಿಷದಲ್ಲಿ ಮಂಟಪದ ಅರ್ಧದಷ್ಟು ಕಂಬಗಳನ್ನು ಕಿತ್ತು, ಗರ್ಭಗುಡಿಯ ಮೇಲಿನ ಗೋಪುರವಾದ ವಿಮಾನದ ತುದಿಗೆ ಹತ್ತಿ ಬಕೆಟ್ಟುಗಟ್ಟಲೆ ಲಾವಾ ಸುರಿದು ಹೊರಟುಹೋದರು. ಆ ಹೊತ್ತಿನಲ್ಲಿ ಆಡುತ್ತಿದ್ದ ಚಿಕ್ಕ ಹುಡುಗನೊಬ್ಬ ಬೆಂಕಿ ಆರಿಸಬೇಕೆಂದು ನೀರು ಸುರಿದ. ನೀರು ತಾಗಿದೊಡನೆ ಲಾವಾ ಕಲ್ಲಾಗಿ ಗಟ್ಟಿಯಾಯಿತು, ಗುಡಿ ಕಪ್ಪುಕಲ್ಲಿನೊಳಗೆ ಹೂತುಹೋಯಿತು. ತಪ್ಪು ತನ್ನದೇ ಎಂದು ಅವನು ಇನ್ನೂ ಅಂದುಕೊಂಡಿದ್ದಾನೆ. ನನ್ನ ಬಳಿ ಇದ್ದ ಬ್ಯಾಕಪ್ ಒಂಬತ್ತು ದಿನ ಹಳೆಯದು. ಹುಡುಗಿಯ ಮಂಟಪದ ಕೆಲಸವೆಲ್ಲ ನಡೆದದ್ದು ಆ ಒಂಬತ್ತು ದಿನಗಳಲ್ಲಿಯೇ.

ಈಗ ಪಾಲಕರಲ್ಲಿ ಕೆಲವರು ಸರ್ವರ್ ಮುಚ್ಚಿಬಿಡಿ ಎನ್ನುತ್ತಿದ್ದಾರೆ. ಕೆಲವು ಮಕ್ಕಳು ವೈಟ್‌ಲಿಸ್ಟ್ ಹಾಕಿ ಎನ್ನುತ್ತಾರೆ. ಮಂಟಪ ಕಟ್ಟಿದ ಹುಡುಗಿ ಮಾತ್ರ, ಹಾಗೆ ಮಾಡಿದರೆ ಪುಷ್ಕರಣಿ ಕಟ್ಟಿದವರು ಮತ್ತೆ ಬರುವುದು ಹೇಗೆ ಸರ್ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಯಾರ ಅನುಮತಿಯೂ ಬೇಡದ ಸರ್ವರನ್ನು ಮಕ್ಕಳ ಶ್ರಮ ಹಾಳಾಗದಂತೆ ನಡೆಸಲು ಸಾಧ್ಯವೇ? ಸರ್ವರ್ ನಡೆಸಿ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ
ಕೌಲ್‌ಬಜಾರ್, ಬಳ್ಳಾರಿ

ನಿಮ್ಮ ಬರಹ ಓದಿ ಮನಸ್ಸಿಗೆ ಬೇಸರವಾಯಿತು. ಮೊದಲು ಆ ಚಿಕ್ಕ ಹುಡುಗನಿಗೆ ಅವನ ತಪ್ಪಿಲ್ಲವೆಂದು ಹೇಳಿಬಿಡಿ. ಬೆಂಕಿಗೆ ನೀರು ಸುರಿದವನನ್ನು ಯಾರೂ ಬೈಯುವುದಿಲ್ಲ.

ನಾನು ಬಳ್ಳಾರಿಯಲ್ಲಿ ಏಳೆಂಟು ವರ್ಷ ಸೈಬರ್ ಕೆಫೆ ನಡೆಸಿದವನು. ಆಗ ಕೌಂಟರ್‌ಸ್ಟ್ರೈಕ್ 1.6ರ ಕಾಲ. ಆರು ಯಂತ್ರಗಳನ್ನು ಒಂದೇ ತಂತಿಗೆ ಕಟ್ಟಿದ್ದೆ, ಗಂಟೆಗೆ ಇಷ್ಟು ಎಂದು ಕೊಟ್ಟು ಕುಳಿತವರೆಲ್ಲ ಆಟಗಾರರೇ ಆಗಿದ್ದರು. ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು ಎಂದು ನಾನು ಯೋಚಿಸಿದವನೇ ಅಲ್ಲ. ಯಾಕೆಂದರೆ ಗದ್ದಲ ಮಾಡುವವನ ಹೆಗಲು ನನ್ನ ಕೈಗೆ ಸಿಗುವಷ್ಟು ಹತ್ತಿರ ಇರುತ್ತಿತ್ತು. ಮುಂದೆ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕೆಲಸಕ್ಕಿದ್ದ ನಮ್ಮ ಓಣಿಯ ಹುಡುಗರಿಗಾಗಿ ಲುವಾಂಟಿಯಂಥದೇ ಬ್ಲಾಕಿನ ಆಟವಾದ ಮೈನ್‌ಕ್ರಾಫ್ಟಿನ ಒಂದು ಸರ್ವರ್ ಹಾಕಿದೆ. ಅಲ್ಲಿ ಹೆಗಲು ಕೈಗೆ ಸಿಗುವುದಿಲ್ಲ ಎಂಬುದನ್ನು ಬಹಳ ಕಷ್ಟಪಟ್ಟು ಕಲಿತೆ.

ನನ್ನ ತಪ್ಪನ್ನು ಹೇಳುತ್ತೇನೆ, ನಿಮಗೆ ಪಾಠವಾಗಲಿ. ಹುಡುಗರಲ್ಲಿ ಹಲವರ ಬಳಿ ಖರೀದಿಸಿದ ಖಾತೆ ಇರಲಿಲ್ಲ. ಅವರೂ ಬರಲಿ ಎಂದು ಸರ್ವರಿನ ಆನ್‌ಲೈನ್ ಮೋಡ್ ಎಂಬುದನ್ನು ಆಫ್ ಮಾಡಿಬಿಟ್ಟೆ. ಹಾಗೆ ಆಫ್ ಮಾಡಿದರೆ ಬಂದವರು ನಿಜಕ್ಕೂ ಅವರೇ ಹೌದೋ ಅಲ್ಲವೋ ಎಂದು ಯಾರೂ ಪರೀಕ್ಷಿಸುವುದಿಲ್ಲ. ಯಾರು ಯಾವ ಹೆಸರು ಹೇಳಿದರೂ ಸರ್ವರ್ ನಂಬುತ್ತದೆ. ಒಂದು ದಿನ ಯಾರೋ ನನ್ನದೇ ಹೆಸರಿನಲ್ಲಿ ಬಂದರು. ನನ್ನ ಹೆಸರಿಗೆ ಅಡ್ಮಿನ್ ಅಧಿಕಾರ ಇತ್ತು, ಅದು ಅವರಿಗೂ ಸಿಕ್ಕಿತು. ಎಂಟು ತಿಂಗಳ ಊರು ಅರ್ಧ ದಿನದಲ್ಲಿ ಬಯಲಾಯಿತು. ಲುವಾಂಟಿಯಲ್ಲಿ ಇದಕ್ಕೆ ಹೋಲುವ ಒಂದು ಅಪಾಯವಿದೆ: ಸೆಟ್ಟಿಂಗ್ ಕಡತದಲ್ಲಿ ಅಡ್ಮಿನ್ ಹೆಸರೆಂದು ಏನನ್ನು ಬರೆದಿರುತ್ತೀರೋ ಆ ಹೆಸರನ್ನು ಮೊದಲು ನೀವೇ ಗುಪ್ತಪದ ಕೊಟ್ಟು ನೋಂದಾಯಿಸಿಕೊಂಡಿರಬೇಕು, ಇಲ್ಲದಿದ್ದರೆ ಮೊದಲು ಆ ಹೆಸರಿನಲ್ಲಿ ಬಂದವರೇ ಯಜಮಾನರು. ಖಾಲಿ ಗುಪ್ತಪದವನ್ನು ನಿಷೇಧಿಸುವ ಸೆಟ್ಟಿಂಗ್ ಕೂಡ ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಮಾಡಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ತೆರೆಯಬೇಕೋ ಮುಚ್ಚಬೇಕೋ ಎಂದು ನೀವು ಕೇಳಿದ್ದೀರಿ, ಆದರೆ ಒಳಗೆ ಬರುವುದು ಬೇರೆ, ಒಳಗಿದ್ದದ್ದನ್ನು ಮುಟ್ಟುವುದು ಬೇರೆ. ನಿಮ್ಮ ಕೊಪ್ಪಳದ ಗವಿಮಠದ ಜಾತ್ರೆಯನ್ನೇ ನೋಡಿ. ಮಹಾದಾಸೋಹದಲ್ಲಿ ಯಾವ ಊರು, ಯಾರ ಮಗ ಎಂದು ಯಾರೂ ಕೇಳುವುದಿಲ್ಲ, ಬಂದವರೆಲ್ಲ ಉಂಡು ಹೋಗುತ್ತಾರೆ. ಹಾಗೆಂದು ಬಂದವರೆಲ್ಲ ಅಡುಗೆಯ ಕೊಪ್ಪರಿಗೆಗೆ ಕೈ ಹಾಕುವುದಿಲ್ಲ. ಅಲ್ಲಿ ಸೌಟು ಹಿಡಿಯುವವರು ಸೇವೆಗೆಂದು ನಿಂತವರು, ಮತ್ತು ಸೇವೆಗೆ ನಿಲ್ಲಬೇಕೆಂದರೆ ಅದಕ್ಕೂ ದಾರಿ ಇದೆ. ನಿಮ್ಮ ಸರ್ವರಿನಲ್ಲಿ ಈಗ ಬಂದವರ ಕೈಗೆಲ್ಲ ಮೊದಲ ಕ್ಷಣದಲ್ಲೇ ಸೌಟು ಸಿಗುತ್ತಿದೆ.

ಲುವಾಂಟಿಯಲ್ಲಿ ಹೊಸಬರಿಗೆ ತಾನಾಗಿ ಎರಡು ಹಕ್ಕು ಸಿಗುತ್ತವೆ. ಇಂಟರಾಕ್ಟ್ ಎಂಬುದು ಅಗೆಯುವ, ಇಡುವ, ಮುಟ್ಟುವ ಹಕ್ಕು. ಶೌಟ್ ಎಂಬುದು ಮಾತಾಡುವ ಹಕ್ಕು. ಸೆಟ್ಟಿಂಗ್ ಕಡತದ ಡೀಫಾಲ್ಟ್ ಪ್ರಿವ್ಸ್ ಎಂಬ ಸಾಲಿನಿಂದ ಇಂಟರಾಕ್ಟ್ ತೆಗೆದು ಶೌಟ್ ಮಾತ್ರ ಉಳಿಸಿದರೆ, ಯಾರು ಬೇಕಾದರೂ ಯಾರನ್ನೂ ಕೇಳದೆ ಬರಬಹುದು, ಗುಡಿಯೆಲ್ಲ ಸುತ್ತಾಡಬಹುದು, ಮಕ್ಕಳ ಜೊತೆ ಮಾತಾಡಬಹುದು, ಒಂದು ಕಲ್ಲನ್ನು ಮಾತ್ರ ಕದಲಿಸಲಾಗದು. ಕಟ್ಟಬೇಕೆಂದವರಿಗೆ ಒಂದೆರಡು ಮಾತಿನ ನಂತರ ಇಂಟರಾಕ್ಟ್ ಕೊಡುವುದು. ಈ ಕೊಡುವ ಕೆಲಸ ನಿಮ್ಮೊಬ್ಬರದೇ ಆಗಬಾರದು ಎಂಬುದು ನನ್ನ ಒತ್ತಾಯದ ಮಾತು. ಬೇಸಿಕ್ ಪ್ರಿವ್ಸ್ ಎಂಬ ಇನ್ನೊಂದು ಹಕ್ಕಿದೆ. ಅದು ಯಾರಿಗಿರುತ್ತದೋ ಅವರು ಈ ಎರಡು ಹಕ್ಕುಗಳನ್ನು ಬೇರೆಯವರಿಗೆ ಕೊಡಬಹುದು, ಹಿಂತೆಗೆದುಕೊಳ್ಳಬಹುದು, ಆದರೆ ಸರ್ವರನ್ನು ಬೇರೇನೂ ಮಾಡಲಾರರು. ಅದನ್ನು ಮಂಟಪ ಕಟ್ಟಿದ ಹುಡುಗಿಗೂ ಇನ್ನಿಬ್ಬರು ಹಿರಿಯ ಮಕ್ಕಳಿಗೂ ಕೊಡಿ. ಯಾರನ್ನು ನಂಬಬೇಕೆಂದು ತೀರ್ಮಾನಿಸುವುದನ್ನು ಮಕ್ಕಳು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಇದರ ಜೊತೆಗೆ ಏರಿಯಾಸ್ ಎಂಬ ಮಾಡ್, ಅಂದರೆ ಆಟಕ್ಕೆ ಸೇರಿಸುವ ಸಣ್ಣ ತಂತ್ರಾಂಶ, ಹಾಕಿಕೊಳ್ಳಿ. ಎರಡು ಮೂಲೆಗಳನ್ನು ಗುರುತಿಸಿ ನಡುವಿನ ಜಾಗಕ್ಕೆ ಕಾವಲು ಹಾಕುವ ವ್ಯವಸ್ಥೆ ಅದು. ಕೆಲಸ ಮುಗಿದ ಭಾಗಕ್ಕೆ ಕಾವಲು ಹಾಕಿ, ಆದರೆ ಗುಡಿಯಿಂದ ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಬಯಲನ್ನು ಹಾಗೆಯೇ ಬಿಡಿ. ಹೊಸಬರು ಮೊದಲು ಅಲ್ಲಿ ಕಟ್ಟಲಿ. ನೀವು ಲಾವಾ ಎಂದಿರಿ, ಅಂದರೆ ಬೇಕಾದ ವಸ್ತುವೆಲ್ಲ ಕೈಗೆ ಸಿಗುವ ಕ್ರಿಯೇಟಿವ್ ಮೋಡ್ ಎಲ್ಲರಿಗೂ ತೆರೆದಿರಬೇಕು; ಲಾವಾ ಬಕೆಟ್ಟನ್ನು ಹೊಸಬರ ಕೈಗೆ ಸಿಗದಂತೆ ಮಾಡುವುದು ಕಷ್ಟವಲ್ಲ.

ಯಾವ ಕಾವಲೂ ಇಲ್ಲದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೈನ್‌ಕ್ರಾಫ್ಟ್ ಲೋಕದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. 2ಬಿ2ಟಿ ಎಂಬ ಸರ್ವರ್ 2010ರ ಡಿಸೆಂಬರಿನಿಂದ ಯಾವ ನಿಯಮವೂ ಇಲ್ಲದೆ ನಡೆಯುತ್ತಿದೆ. ಅಲ್ಲಿ ಹೊಸಬರು ಕಣ್ಣು ಬಿಡುವ ಜಾಗದ ಸುತ್ತ ಗಾವುದಗಟ್ಟಲೆ ಬರಿಯ ಗುಂಡಿ, ಬೂದಿ, ಮುರಿದ ಗೋಡೆ. ಆದರೂ ಜನ ಅಲ್ಲಿ ಅದ್ಭುತವಾದವುಗಳನ್ನು ಕಟ್ಟಿದ್ದಾರೆ, ಹೇಗೆಂದರೆ ಲಕ್ಷಗಟ್ಟಲೆ ಬ್ಲಾಕ್ ದೂರ ನಡೆದುಹೋಗಿ ಅಡಗಿಕೊಂಡು ಕಟ್ಟಿದ್ದಾರೆ. ಮೈನ್‌ಕ್ರಾಫ್ಟ್ ಜಗತ್ತು ನಡುವಿನಿಂದ ಒಂದೊಂದು ದಿಕ್ಕಿಗೆ 3 ಕೋಟಿ ಬ್ಲಾಕ್ ಹರಡಿದೆ, ಅಷ್ಟು ದೂರವೇ ಅಲ್ಲಿ ಕಾವಲು. ಲುವಾಂಟಿಯ ಜಗತ್ತು ಒಂದೊಂದು ದಿಕ್ಕಿಗೆ ಸುಮಾರು 31 ಸಾವಿರ ಬ್ಲಾಕ್ ಮಾತ್ರ, ಅದೂ ಅಲ್ಲದೆ ನಿಮ್ಮ ಮಕ್ಕಳು ಅಡಗಿ ಕಟ್ಟುವವರಲ್ಲ, ತೋರಿಸುವುದಕ್ಕಾಗಿ ಕಟ್ಟುವವರು. ಅವರಿಗೆ ದೂರದ ಕಾವಲು ಒದಗದು.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ. ಸರ್ವರ್ ಮುಚ್ಚಬೇಡಿ.

ಉತ್ತರ
ಎಡೆದೊರೆ, ರಾಯಚೂರು

ನಾನು ನೆಟ್‌ವರ್ಕ್ ಕೆಲಸದವನು. ಮೇಲಿನವರು ಹೇಳಿದ ಹಕ್ಕುಗಳ ಮಾತನ್ನು ಒಪ್ಪುತ್ತೇನೆ. ಅವರು ಮುಟ್ಟದ ಕೆಲವು ಸಂಗತಿಗಳನ್ನಷ್ಟೇ ಸೇರಿಸುತ್ತೇನೆ.

ಸಾರ್ವಜನಿಕ ಪಟ್ಟಿಯಿಂದ ಹೆಸರು ತೆಗೆದು ವಿಳಾಸವನ್ನು ಗೆಳೆಯರಿಗೆ ಮಾತ್ರ ಹೇಳಿದರೆ ಸಾಕಲ್ಲವೇ ಎಂದು ಯಾರಾದರೂ ಸಲಹೆ ಕೊಟ್ಟರೆ ನಂಬಬೇಡಿ. ಅಂತರ್ಜಾಲದ ಹಳೆಯ ಮಾದರಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ಉಪಕರಣದಿಂದ ಅಷ್ಟೂ ವಿಳಾಸಗಳ ಒಂದು ಪೋರ್ಟನ್ನು, ಅಂದರೆ ಒಂದು ಸಂಖ್ಯೆಯ ಬಾಗಿಲನ್ನು, 45 ನಿಮಿಷದೊಳಗೆ ತಟ್ಟಿ ನೋಡಬಹುದೆಂದು ತೋರಿಸಿದರು. ಮೈನ್‌ಕ್ರಾಫ್ಟ್ 25565ರಲ್ಲಿ, ಲುವಾಂಟಿ 30000ದಲ್ಲಿ ಕಾಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇಂಥ ಬಾಗಿಲುಗಳನ್ನು ಹುಡುಕುತ್ತ ತಿರುಗುವ ಯಂತ್ರಗಳು ಸದಾ ಇರುತ್ತವೆ. ಹೇಳದೆ ಇಟ್ಟ ವಿಳಾಸವೆಂದರೆ ಅಗಳಿ ಹಾಕದೆ ಮುಂದಕ್ಕೆಳೆದ ಬಾಗಿಲು ಅಷ್ಟೇ.

ಎರಡನೆಯದು ಬ್ಯಾನ್. ಲುವಾಂಟಿಯಲ್ಲಿ ಕೇಂದ್ರ ಖಾತೆ ಎಂಬುದಿಲ್ಲ, ಹೆಸರು ಆಯಾ ಸರ್ವರಿಗೆ ಸೇರಿದ್ದು. ಒಬ್ಬನನ್ನು ಹೊರಗೆ ಹಾಕಿದರೆ ಮರುಕ್ಷಣ ಇನ್ನೊಂದು ಹೆಸರಿನಲ್ಲಿ ಬರಬಹುದು, ಆದ್ದರಿಂದ ಬ್ಯಾನ್ ಆಜ್ಞೆ ಹೆಸರನ್ನಲ್ಲ, ಐಪಿ ವಿಳಾಸವನ್ನು ತಡೆಯುತ್ತದೆ. ಆದರೆ ನಮ್ಮ ಮೊಬೈಲ್ ಸಂಪರ್ಕಗಳಲ್ಲಿ, ಅನೇಕ ಊರುಗಳ ಬ್ರಾಡ್‌ಬ್ಯಾಂಡಿನಲ್ಲೂ, ಒಂದೇ ಹೊರವಿಳಾಸವನ್ನು ಬಹಳ ಗ್ರಾಹಕರು ಹಂಚಿಕೊಂಡಿರುತ್ತಾರೆ. ಇದಕ್ಕೆ ಸಿಜಿ ನ್ಯಾಟ್ ಎನ್ನುತ್ತಾರೆ. ನೀವು ಒಬ್ಬ ಕಿಡಿಗೇಡಿಯನ್ನು ತಡೆದೆ ಅಂದುಕೊಂಡಿರುತ್ತೀರಿ, ಅದೇ ಸಂಪರ್ಕದಲ್ಲಿರುವ ನಿಮ್ಮ ಸಿಂಧನೂರಿನ ಮಕ್ಕಳೂ ಹೊರಗುಳಿದಿರುತ್ತಾರೆ, ಅತ್ತ ಅವನೋ ಮೊಬೈಲನ್ನು ಒಮ್ಮೆ ಆರಿಸಿ ಹಚ್ಚಿ ಹೊಸ ವಿಳಾಸದಿಂದ ಬಂದಿರುತ್ತಾನೆ. ತೆರೆದ ಸರ್ವರಿನಲ್ಲಿ ಬ್ಯಾನನ್ನು ನೆಚ್ಚಿಕೊಳ್ಳಲಾಗದು. ನೆಚ್ಚಬೇಕಾದದ್ದು ಆದದ್ದನ್ನು ಹಿಂದಕ್ಕೆ ತಿರುಗಿಸುವ ಶಕ್ತಿಯನ್ನು. ಯಾರು ಬೇಕಾದರೂ ತಿದ್ದಬಹುದಾದ ವಿಕಿಪೀಡಿಯ 2001ರಿಂದ ಉಳಿದು ಬಂದಿರುವುದರಲ್ಲಿ ಪ್ರತಿ ತಿದ್ದುಪಡಿಯ ಹಳೆಯ ಆವೃತ್ತಿ ಅಲ್ಲೇ ಇರುತ್ತದೆ ಎಂಬುದರ ಪಾಲು ದೊಡ್ಡದು. ಕೆಡಿಸಲು ಬೇಕಾಗುವ ಶ್ರಮಕ್ಕಿಂತ ಸರಿಪಡಿಸಲು ಬೇಕಾಗುವ ಶ್ರಮ ಅಲ್ಲಿ ಕಡಿಮೆ. ನಿಮ್ಮಲ್ಲಿ ಇಪ್ಪತ್ತು ನಿಮಿಷದ ಕೇಡಿಗೆ ಒಂಬತ್ತು ದಿನದ ದುರಸ್ತಿ ಬೇಕಾಗಿದೆ. ಈ ಲೆಕ್ಕವನ್ನು ತಿರುಗಿಸಬೇಕು.

ಲುವಾಂಟಿಯಲ್ಲಿ ರೋಲ್‌ಬ್ಯಾಕ್ ದಾಖಲೆ ಇಡುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿದ ಕ್ಷಣದಿಂದ ಮಾತ್ರ ದಾಖಲೆ ಶುರು. ಒಂದು ಬ್ಲಾಕನ್ನು ಕೊನೆಗೆ ಯಾರು ಮುಟ್ಟಿದರೆಂದು ಕೇಳಬಹುದು, ಇಂಥವರು ಕಳೆದ ಇಷ್ಟು ಸೆಕೆಂಡುಗಳಲ್ಲಿ ಮಾಡಿದ್ದನ್ನೆಲ್ಲ ಹಿಂದಕ್ಕೆ ಹಾಕು ಎನ್ನಬಹುದು. ಇಪ್ಪತ್ತು ನಿಮಿಷದ ಕೆಲಸಕ್ಕೆ 1200 ಎಂದು ಬರೆದರೆ ಸಾಕು. ಮೈನ್‌ಕ್ರಾಫ್ಟ್ ನಡೆಸುವವರಿಗೆ ಇದೇ ಕೆಲಸಕ್ಕೆ ಕೋರ್‌ಪ್ರೊಟೆಕ್ಟ್ ಎಂಬ ಪ್ಲಗಿನ್ ಇದೆ.

ಬ್ಯಾಕಪ್ ಪ್ರತಿ ರಾತ್ರಿ ತಾನಾಗಿ ಆಗಬೇಕು. ಜಗತ್ತಿನ ಭೂಪಟವೆಲ್ಲ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದ ಒಂದು ಕಡತದಲ್ಲಿರುತ್ತದೆ. ಸರ್ವರ್ ನಡೆಯುತ್ತಿರುವಾಗ ಅದನ್ನು ಸುಮ್ಮನೆ ನಕಲು ಮಾಡಿದರೆ ನಕಲು ಕೆಟ್ಟಿರುವ ಸಾಧ್ಯತೆ ಇದೆ. ಒಂದೋ ಎರಡು ನಿಮಿಷ ಸರ್ವರ್ ನಿಲ್ಲಿಸಿ ನಕಲು ಮಾಡಿ, ಇಲ್ಲವೇ ಎಸ್‌ಕ್ಯೂಲೈಟಿನದೇ ಬ್ಯಾಕಪ್ ಆಜ್ಞೆ ಬಳಸಿ. ನಕಲು ಅದೇ ಯಂತ್ರದಲ್ಲಿ ಉಳಿಯಬಾರದು, ಕುಕನೂರಿನ ನಿಮ್ಮ ಡೆಸ್ಕ್‌ಟಾಪಿಗೆ ಇಳಿದು ಬರಲಿ. ತಿಂಗಳಿಗೊಮ್ಮೆ ಆ ನಕಲನ್ನು ಮನೆಯಲ್ಲೇ ತೆರೆದು ಗುಡಿ ನಿಂತಿದೆಯೇ ಎಂದು ನೋಡಿ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಬ್ಯಾಕಪ್ಪಿಗೆ ಹೊಂದುವಷ್ಟು ಬೇರಾವುದಕ್ಕೂ ಹೊಂದುವುದಿಲ್ಲ.

ಕೊನೆಯದಾಗಿ ಯಂತ್ರದ ಸುರಕ್ಷೆ. ಅಪರಿಚಿತರನ್ನು ಒಳಗೆ ಬಿಡುವ ಸರ್ವರಿಗೆ ಅಪರಿಚಿತರು ಕಳಿಸುವ ಪ್ರತಿ ಅಕ್ಷರವೂ ಬಂದು ತಾಗುತ್ತದೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಶೆಲ್ ಎಂಬ ದೋಷ ಬಯಲಾದಾಗ, ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯಲ್ಲಿ ಚಾಟಿನಲ್ಲಿ ಒಂದು ಸಾಲು ಬರೆದೇ ಸರ್ವರಿನ ಯಂತ್ರವನ್ನು ವಶಪಡಿಸಿಕೊಳ್ಳಬಹುದಿತ್ತು, 1.18.1ರ ಆವೃತ್ತಿಯಲ್ಲಿ ಅದನ್ನು ಮುಚ್ಚಿದರು. ಲುವಾಂಟಿ ಜಾವಾದಲ್ಲಿ ಬರೆದದ್ದಲ್ಲ, ಆ ದೋಷ ಅದಕ್ಕೆ ತಟ್ಟಲಿಲ್ಲ. ಆದರೂ ಹೊಸ ಆವೃತ್ತಿ ಬಂದಾಗ ತಪ್ಪದೆ ಹಾಕಿಕೊಳ್ಳಿ, ಸರ್ವರನ್ನು ಯಂತ್ರದ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನ ಹೆಸರಿನಲ್ಲಿ ನಡೆಸಬೇಡಿ, ಮಾಡ್‌ಗಳ ಸುರಕ್ಷೆಯ ಸೆಟ್ಟಿಂಗನ್ನು ಯಾರು ಹೇಳಿದರೂ ಆಫ್ ಮಾಡಬೇಡಿ.

ಉತ್ತರ
ಹೈಸ್ಕೂಲ್ ಟೀಚರ್, ಗಂಗಾವತಿ

ಮೇಲಿನ ಇಬ್ಬರೂ ಕಲ್ಲು ಉಳಿಸುವ ಬಗ್ಗೆ ಬಹಳ ಚೆನ್ನಾಗಿ ಬರೆದಿದ್ದಾರೆ. ನನಗೆ ಕಾಡುವುದು ಬೇರೆ ವಿಷಯ. ಬಿದ್ದ ಕಂಬವನ್ನು ಮಕ್ಕಳು ಮತ್ತೆ ನಿಲ್ಲಿಸುತ್ತಾರೆ. ಬಂದ ಅಪರಿಚಿತರು ಏನು ಮಾತಾಡುತ್ತಾರೆ ಎಂಬುದರ ಬಗ್ಗೆ ಇಲ್ಲಿಯವರೆಗೆ ಯಾರೂ ಒಂದು ಮಾತು ಹೇಳಿಲ್ಲ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಮಕ್ಕಳ ಗುಂಪೊಂದು ಇಂಥದೇ ತೆರೆದ ಸರ್ವರ್ ನಡೆಸುತ್ತಿತ್ತು. ಅಲ್ಲಿಗೆ ಬರುತ್ತಿದ್ದ ಒಬ್ಬರು ಬಹಳ ಒಳ್ಳೆಯವರಂತೆ ಕಟ್ಟಡ ಕಟ್ಟಲು ಸಹಾಯ ಮಾಡುತ್ತಿದ್ದರು. ಎಂಟನೇ ತರಗತಿಯ ಒಬ್ಬ ವಿದ್ಯಾರ್ಥಿನಿಗೆ ಅವರು ಖಾಸಗಿ ಸಂದೇಶದಲ್ಲಿ ಮೊದಲು ಯಾವ ಊರು, ಆಮೇಲೆ ಯಾವ ಶಾಲೆ, ಆಮೇಲೆ ಮನೆಯಲ್ಲಿ ಮೊಬೈಲ್ ಯಾರ ಬಳಿ ಇರುತ್ತದೆ ಎಂದು ಒಂದೊಂದಾಗಿ ಕೇಳುತ್ತ ಹೋಗಿದ್ದರು. ನಮಗೆ ಗೊತ್ತಾಗಲು ಎರಡು ವಾರ ಬೇಕಾಯಿತು, ಅದೂ ಆ ಹುಡುಗಿ ಭಯಪಟ್ಟು ತಾನಾಗಿ ಬಂದು ಹೇಳಿದ್ದರಿಂದ. ಯಾವ ರೋಲ್‌ಬ್ಯಾಕ್ ಆಜ್ಞೆಯೂ ಇದನ್ನು ಹಿಂದಕ್ಕೆ ಹಾಕುವುದಿಲ್ಲ. ಪುಷ್ಕರಣಿ ಕಟ್ಟಿದ ಅಪರಿಚಿತರು ಒಳ್ಳೆಯವರೇ ಇರಬಹುದು, ಇರಲಿ ಎಂದೇ ಹಾರೈಸುತ್ತೇನೆ. ಆದರೆ ಒಳ್ಳೆಯ ಕೆಲಸಗಾರರೆಂಬುದು ಒಳ್ಳೆಯ ಮನುಷ್ಯರೆಂಬುದಕ್ಕೆ ಸಾಕ್ಷಿಯಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಕೇಳುತ್ತದೆ. ಮನೆಪಾಠದ ಸಣ್ಣ ಸರ್ವರ್ ಎಷ್ಟರ ಮಟ್ಟಿಗೆ ಅದರೊಳಗೆ ಬರುತ್ತದೆ ಎಂಬ ವಾದ ಬದಿಗಿರಲಿ, ಆ ಕಾಯ್ದೆಯ ಹಿಂದಿರುವ ಕಾಳಜಿ ನಮ್ಮದೂ ಆಗಿರಬೇಕು. ಮಕ್ಕಳು ಸ್ವಂತ ಹೆಸರು ಬಳಸಬಾರದು, ಶಾಲೆಯ ಹೆಸರು ಹೇಳಬಾರದು ಎಂಬುದನ್ನು ಮೊದಲ ದಿನವೇ ಕಲಿಸಬೇಕು.

ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ಬರುವವರು ಒಂದು ಗುಪ್ತಪದ ಹೇಳಲೇಬೇಕು. ಲುವಾಂಟಿಯ ಸೆಟ್ಟಿಂಗಿನಲ್ಲೇ ಅದಕ್ಕೆ ಅವಕಾಶವಿದೆ ಎಂದು ನಮ್ಮ ಮಕ್ಕಳು ತೋರಿಸಿದ್ದರು. ಬೆಂಗಳೂರಿನ ಅಣ್ಣತಮ್ಮಂದಿರಿಗೆ ಫೋನಿನಲ್ಲಿ ಆ ಪದ ಹೇಳಿದರೆ ಆಯಿತು. ಅಪರಿಚಿತರು ನೋಡಬೇಕೆಂದಿದ್ದರೆ, ನೀವು ಸ್ವತಃ ಕುಳಿತಿರುವ ಭಾನುವಾರದ ಎರಡು ಗಂಟೆ ಬಾಗಿಲು ತೆರೆಯಿರಿ.

ಉತ್ತರ
ಕೌಲ್‌ಬಜಾರ್, ಬಳ್ಳಾರಿ

ಟೀಚರ್ ಹೇಳಿದ್ದು ನನ್ನ ಕಣ್ಣು ತೆರೆಸಿತು. ನಾನು ದೊಡ್ಡ ಹುಡುಗರ ಸರ್ವರ್ ನಡೆಸಿದವನು, ಹೀಗಾಗಿ ಈ ಕಡೆ ಯೋಚನೆಯೇ ಹೋಗಿರಲಿಲ್ಲ. ಹೊಸಬರಿಗೆ ಶೌಟ್ ಮಾತ್ರ ಉಳಿಸಿ ಎಂದು ನಾನು ಬರೆದದ್ದರಲ್ಲಿ ಒಂದು ದೊಡ್ಡ ಕೊರತೆ ಇದೆ: ಖಾಸಗಿ ಸಂದೇಶ ಕಳಿಸುವುದಕ್ಕೂ ಅದೇ ಹಕ್ಕು ಸಾಕು.

ಆದರೆ ಗುಪ್ತಪದದ ಮಾತನ್ನು ಪೂರ್ತಿ ಒಪ್ಪಲಾರೆ. ಹನ್ನೆರಡು ಮಕ್ಕಳಿಗೆ ಗೊತ್ತಿರುವ ಪದ ವಾರದೊಳಗೆ ಅರವತ್ತು ಜನಕ್ಕೆ ಗೊತ್ತಿರುತ್ತದೆ, ಮತ್ತು ಆಗ ಒಳಗಿರುವವರೆಲ್ಲ ನಮ್ಮವರೇ ಎಂಬ ಭ್ರಮೆ ಬೇರೆ ಹುಟ್ಟುತ್ತದೆ. ಅದಕ್ಕಿಂತ ಖಾಸಗಿ ಮಾತನ್ನೇ ತೆಗೆದುಬಿಡುವುದು ಮೇಲು. ಲುವಾಂಟಿಯಲ್ಲಿ ಸಂದೇಶದ ಆಜ್ಞೆಯನ್ನು ರದ್ದು ಮಾಡಲು ಎರಡು ಸಾಲಿನ ಮಾಡ್ ಸಾಕು. ಆಮೇಲೆ ಚಾಟಿನಲ್ಲಿ ಯಾರು ಏನೇ ಹೇಳಿದರೂ ಕಟ್ಟೆಯ ಮೇಲೆ ಹೇಳಿದಂತೆ ಎಲ್ಲರ ಕಿವಿಗೂ ಬೀಳುತ್ತದೆ. ಆಡಿದ ಮಾತು ಸರ್ವರಿನ ಲಾಗ್ ಕಡತದಲ್ಲೂ ಉಳಿಯುತ್ತದೆ. ಉಳಿದರೆ ಸಾಲದು, ಪ್ರತಿ ದಿನ ಯಾರಾದರೂ ದೊಡ್ಡವರು ಅದನ್ನು ಓದಬೇಕು. ಓದಲು ಪುರಸೊತ್ತಿಲ್ಲದ ದಿನ ಸರ್ವರ್ ತೆರೆಯಬಾರದು. ಗಂಟೆಗಳನ್ನು ಗೊತ್ತುಮಾಡಿ ಎಂಬ ಟೀಚರ ಸಲಹೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನ ಕೆಫೆಗೂ ಬಾಗಿಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇತ್ತು, ನಾನು ಇಲ್ಲದಾಗ ಬೀಗ ಇತ್ತು; ಆದರೂ ಅದು ಎಲ್ಲರಿಗೂ ತೆರೆದ ಅಂಗಡಿಯೇ ಆಗಿತ್ತು.

ಪ್ರಶ್ನೆ ಕೇಳಿದವರಿಂದ
ಇಟಗಿದಾರಿ, ಕುಕನೂರು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಮಾಡಿ ನೋಡಿಯೇ ಬರೆಯಬೇಕೆಂದಿತ್ತು.

ಟೀಚರ್ ಬರೆದದ್ದನ್ನು ಮಕ್ಕಳಿಗೂ ಪಾಲಕರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಇಬ್ಬರು ಮಕ್ಕಳ ಆಟದ ಹೆಸರಿನಲ್ಲಿ ಅವರ ನಿಜ ಹೆಸರು, ಹುಟ್ಟಿದ ವರ್ಷ ಎರಡೂ ಇದ್ದವು. ಆ ಸಂಜೆಯೇ ಬದಲಾಯಿಸಿದೆವು. ಖಾಸಗಿ ಸಂದೇಶದ ಆಜ್ಞೆಯನ್ನು ತೆಗೆದಿದ್ದೇನೆ. ಸರ್ವರ್ ಈಗ ಸಂಜೆ ಆರರಿಂದ ಒಂಬತ್ತರವರೆಗೆ, ಭಾನುವಾರ ಬೆಳಿಗ್ಗೆಯೂ ಮೂರು ಗಂಟೆ, ಅಷ್ಟೇ ನಡೆಯುತ್ತದೆ, ಆ ಹೊತ್ತಿನಲ್ಲಿ ನಾನೋ ಒಬ್ಬ ಪಾಲಕರೋ ಇದ್ದೇ ಇರುತ್ತೇವೆ. ಆ ಹೊತ್ತಿನಲ್ಲಿ ಯಾರು ಬೇಕಾದರೂ ಕೇಳದೆ ಬರಬಹುದು. ಬಂದವರು ಗುಡಿಯ ಮುಂದಿನ ಅಂಗಳದಲ್ಲಿ ಕಣ್ಣು ಬಿಡುತ್ತಾರೆ, ನೋಡಬಹುದು, ಮಾತಾಡಬಹುದು. ಆಟದ ಚಾಟಿನಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಮೂಡದ ಕಾರಣ, ನಿಯಮಗಳನ್ನು ಮಕ್ಕಳು ಕೈಬರಹದಲ್ಲಿ ಬರೆದು, ಅದರ ಚಿತ್ರವನ್ನೇ ಬ್ಲಾಕಿನ ಮೈಗೆ ಹಚ್ಚಿ, ಅಂಗಳದಲ್ಲಿ ವೀರಗಲ್ಲಿನ ಹಾಗೆ ನಿಲ್ಲಿಸಿದ್ದಾರೆ.

ಮಂಟಪವನ್ನು ಹುಡುಗಿ ಮತ್ತೆ ಕಟ್ಟಿದಳು. ಮೊದಲ ಸಲ ಒಂಬತ್ತು ದಿನ ಹಿಡಿದದ್ದು ಈ ಸಲ ನಾಲ್ಕು ದಿನದಲ್ಲಿ ಮುಗಿಯಿತು, ನೀರು ಸುರಿದಿದ್ದ ಹುಡುಗ ನಾಲ್ಕೂ ದಿನ ಅವಳಿಗೆ ಕಲ್ಲು ಒದಗಿಸಿಕೊಟ್ಟ. ಅವಳ ಬಳಿ ಈಗ ಬೇಸಿಕ್ ಪ್ರಿವ್ಸ್ ಹಕ್ಕಿದೆ. ಹೊಸಬರಿಗೆ ಅವಳು ಕೇಳುವುದು ಒಂದೇ ಪ್ರಶ್ನೆ: ನೀವು ಏನು ಕಟ್ಟಬೇಕೆಂದಿದ್ದೀರಿ? ಉತ್ತರ ಕೊಟ್ಟವರಿಗೆ ಬಯಲಿನಲ್ಲಿ ಜಾಗ ತೋರಿಸುತ್ತಾಳೆ, ಅಲ್ಲಿನ ಕೆಲಸ ನೋಡಿ ಆಮೇಲೆ ಗುಡಿಯ ಹತ್ತಿರ ಕರೆತರುತ್ತಾಳೆ. ಇಲ್ಲಿಯವರೆಗೆ ಹನ್ನೊಂದು ಜನ ಬಂದಿದ್ದಾರೆ, ಇಬ್ಬರು ಉತ್ತರ ಕೊಡದೆ ಹೋದರು, ಒಬ್ಬರಿಂದ ಹಕ್ಕನ್ನು ಹಿಂತೆಗೆದುಕೊಳ್ಳಬೇಕಾಯಿತು. ಪುಷ್ಕರಣಿ ಕಟ್ಟಿದವರು ಇನ್ನೂ ಬಂದಿಲ್ಲ. ಅವರ ಆಟದ ಹೆಸರಿಗೆ ಹಕ್ಕನ್ನು ಮೊದಲೇ ಕೊಟ್ಟಿಡಬಹುದೇ ಎಂದು ಅವಳು ಕೇಳಿದಳು. ಬಂದಾಗ ಎಲ್ಲರಂತೆ ನೀನೇ ಮಾತಾಡಿಸು ಎಂದಿದ್ದೇನೆ.

ರಾಯಚೂರಿನವರಲ್ಲಿ ಒಂದು ಕೇಳಿಕೆ. ರೋಲ್‌ಬ್ಯಾಕ್ ದಾಖಲೆಯ ಕಡತ ಮೂರು ವಾರದಲ್ಲೇ ಬಹಳ ದೊಡ್ಡದಾಗಿ ಬೆಳೆದಿದೆ, ಬಾಡಿಗೆ ಯಂತ್ರದಲ್ಲಿ ಜಾಗ ಕಡಿಮೆ ಇದೆ. ಅದನ್ನು ಅಳಿಸಿದರೆ ತೊಂದರೆ ಆಗುತ್ತದೆಯೇ?

ಉತ್ತರ
ಎಡೆದೊರೆ, ರಾಯಚೂರು

ಆಗುವುದಿಲ್ಲ. ಸರ್ವರ್ ನಿಲ್ಲಿಸಿ, ಆ ದಿನದ ಬ್ಯಾಕಪ್ ಡೆಸ್ಕ್‌ಟಾಪಿಗೆ ಬಂದಿರುವುದನ್ನು ಖಚಿತಪಡಿಸಿಕೊಂಡು, ರೋಲ್‌ಬ್ಯಾಕ್ ಕಡತವನ್ನು ಬೇರೆ ಕಡೆ ಸಾಗಿಸಿ ಮತ್ತೆ ಶುರು ಮಾಡಿದರೆ ಹೊಸ ಕಡತ ತಾನಾಗಿ ಹುಟ್ಟುತ್ತದೆ. ಹಳೆಯ ದಿನಗಳಿಗೆ ಹಿಂದಿರುಗುವ ಅವಕಾಶ ಮಾತ್ರ ಹೋಗುತ್ತದೆ, ಭೂಪಟಕ್ಕೆ ಏನೂ ಆಗುವುದಿಲ್ಲ. ತಿಂಗಳ ಮೊದಲ ಭಾನುವಾರ, ಬ್ಯಾಕಪ್ ತೆರೆದು ನೋಡಿದ ಮೇಲೆ, ಈ ಕೆಲಸ ಇಟ್ಟುಕೊಳ್ಳಿ.